ಐಸಿಯು ಬಾಗಿಲಲ್ಲಿ ಬಿಚ್ಚಿಕೊಟ್ಟ ಲಿಂಗ

ನರ್ಸ್ ಬಾಗಿಲು ಅರ್ಧ ತೆರೆದು ಒಂದು ಪ್ಲಾಸ್ಟಿಕ್ ಕವರ್ ನನ್ನ ಕೈಗಿತ್ತಳು. ಅದರಲ್ಲಿ ಅಪ್ಪನ ಕನ್ನಡಕ, ಹಲ್ಲಿನ ಸೆಟ್ಟು, ಉಡಿದಾರ, ಜೊತೆಗೆ ಬೆಳ್ಳಿಯ ಕರಡಿಗೆ. ಕರಡಿಗೆಯೊಳಗೆ ಅಪ್ಪ ಹುಟ್ಟಿದಾಗಿನಿಂದ ಎದೆಯ ಮೇಲೆ ಕಟ್ಟಿಕೊಂಡಿದ್ದ ಇಷ್ಟಲಿಂಗ.

"ಅದೊಂದು ಇರಲಿ ಬಿಡ್ರಿ. ಒಡವೆ ಅಲ್ಲ ಅದು," ಎಂದೆ.

"ಗೊತ್ತು ರೀ, ನಮ್ಮನೇಲೂ ಕಟ್ತಾರೆ. ಒಳಗೆ ಮೈಮೇಲೆ ಏನೂ ಇರಂಗಿಲ್ಲ. ಡಾಕ್ಟ್ರು ನನ್ನನ್ನ ಬೈತಾರೆ," ಅಂದು ಬಾಗಿಲು ಹಾಕಿಕೊಂಡಳು.

ನಾನು ಜಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಎಂಟನೇ ಕ್ಲಾಸಿನವರಿಗೆ ಹೃದಯದ ಚಿತ್ರ ಬರೆಸಿ, ನಾಲ್ಕು ಕೋಣೆಗೂ ಹೆಸರು ಬರೆಸುವವಳು. ಲಿಂಗ ಕಟ್ಟುವುದನ್ನು ಮದುವೆಯಾದ ಮೇಲೆ ಬಿಟ್ಟಿದ್ದೆ. ಅಪ್ಪ ಅದಕ್ಕೆ ಒಂದು ಮಾತೂ ಬೈದಿರಲಿಲ್ಲ. ಹೊನ್ನಾಳಿಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ದಿನಾ ಬೆಳಿಗ್ಗೆ ಸೀಮೆಎಣ್ಣೆ ಹಚ್ಚಿ, ಆಮೇಲೆ ಸೋಪು ಹಚ್ಚಿ ಎಡಗೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಆ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೇ ತಿಂಡಿ. ಸಾವಿನ ಮಾತು ಬಂದರೆ, "ಮೋಟರ್ ಸುಟ್ಟೋದ್ರೆ ಕರೆಂಟೂ ಸುಟ್ಟೋತು ಅಂತಾರೇನು? ಅದು ಬಂದಲ್ಲಿಗೇ ಹೋಗಿ ಕೂಡ್ಕಂತೈತೆ," ಅನ್ನುತ್ತಿದ್ದರು. ನಮ್ಮಲ್ಲಿ ಅದಕ್ಕೆ ಐಕ್ಯ ಅನ್ನುತ್ತಾರೆ. ಮತ್ತೆ ಹುಟ್ಟುವುದಿಲ್ಲ, ಪಿಂಡ ಇಲ್ಲ, ಸೂತಕ ಇಲ್ಲ. ಆದರೆ ಪ್ರಾಣ ಹೋಗುವಾಗ ಲಿಂಗ ಮೈಮೇಲೆ ಇರಬೇಕು.

ಅವ್ವನಿಗೆ ಇದ್ದ ಭಯ ಇದೊಂದೇ. ಮಂಡಿ ಆಪರೇಷನ್ ಆಗಿ ಹೊನ್ನಾಳಿಯ ಮನೆಯಲ್ಲಿ ಮಂಚಕ್ಕೆ ಅಂಟಿಕೊಂಡಿದ್ದಳು. ಗಂಟೆಗೊಮ್ಮೆ ಫೋನು.

"ಕಟ್ಟಿದ್ರಾ?"

"ಇಲ್ಲ ಅವ್ವ, ಬಿಡವಲ್ರು."

"ಹಂಗೇ ಜೀವ ಹೋದ್ರೆ ಏನೇ ಗತಿ? ಲಿಂಗ ಒಂದ್ಕಡೆ, ಅವ್ರೊಂದ್ಕಡೆ. ಐಕ್ಯ ಆಗೋದು ಹೆಂಗೆ?"

"ಹೋಗಲ್ಲ ಅವ್ವ, ಸುಮ್ನಿರು," ಎಂದು ರೇಗಿದೆ. ಹೋಗುತ್ತಾರೆಂದು ಡಾಕ್ಟರು ಆಗಲೇ ಹೇಳಿದ್ದರು. ಅದನ್ನು ಕೇಳಿಸಿಕೊಂಡೂ ನನಗೆ ಏನೂ ಅನ್ನಿಸಲಿಲ್ಲ. ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದೆ, ಚಟ್ನಿ ಹಾಕಿಸಿಕೊಂಡು. ಹೆತ್ತ ಅಪ್ಪ ಸಾಯುತ್ತಿದ್ದರೆ ಇವಳಿಗೆ ಚಟ್ನಿ ಬೇಕಂತೆ ಎಂದು ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟೂ ಬಹಳ ಹೊತ್ತು ನಿಲ್ಲಲಿಲ್ಲ.

ಸಂಜೆ ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಅಪ್ಪನ ಕೈ ಎದೆಯ ಮೇಲೆ ತಡಕಾಡುತ್ತಿತ್ತು. ವೈರುಗಳು ಸಿಕ್ಕುತ್ತಿದ್ದವು, ಅದು ಸಿಗುತ್ತಿರಲಿಲ್ಲ.

"ಎಲ್ಲೈತೆ?" ಮಾಸ್ಕಿನೊಳಗಿಂದ ಕೇಳಿದರು.

"ನನ್ನತ್ರ ಐತಪ್ಪ."

"ಪೂಜೆ?"

"ನಾನು ಮಾಡ್ತೀನಿ."

ಬಿಟ್ಟವಳು ಮಾಡುತ್ತೇನೆ ಅಂತಿದ್ದಾಳಲ್ಲ ಎಂಬಂತೆ ನನ್ನನ್ನು ನೋಡಿದರು. ಆಮೇಲೆ, "ಕಣ್ಣು ಮುಚ್ಚಬ್ಯಾಡ. ಅದನ್ನೇ ನೋಡ್ಕಂತ ಮಾಡು," ಅಂದರು. ತಡಕಾಡುವುದು ನಿಂತಿತು. ಅದೇ ನಮ್ಮಿಬ್ಬರ ಕೊನೆಯ ಮಾತು.

ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದು ಅನ್ನುತ್ತಾರೆ. ಅವ್ವನನ್ನು ಕೇಳಿದೆ. ಅವಳು, "ಲಿಂಗಾನ ಉಪವಾಸ ಕೆಡವೋದಕ್ಕಿಂತ ವಾಸಿ. ಮಾಡು," ಅಂದಳು.

ಆಸ್ಪತ್ರೆಯ ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು, ಗೇಟಿನ ಹತ್ತಿರ ಒಂದು ಮೊಳ ಸೇವಂತಿಗೆ ತಂದು, ಮೆಟ್ಟಿಲ ಕೆಳಗಿನ ಮೂಲೆಗೆ ಹೋದೆ. ಅಲ್ಲಿ ಚನ್ನಗಿರಿಯ ಒಬ್ಬ ಸಾಬರ ಹೆಂಗಸು ಆಗಲೇ ನಮಾಜು ಮುಗಿಸಿ ಜಾನಮಾಜ್ ಮಡಚುತ್ತಿದ್ದರು. ಅವರ ಗಂಡನೂ ಒಳಗೇ ಇದ್ದರು.

"ಬರ್ರಿ, ನಂದಾತು," ಎಂದು ಜಾಗ ಬಿಟ್ಟರು. ನನ್ನ ಕೈಯಲ್ಲಿದ್ದುದನ್ನು ನೋಡಿ, "ಯಾರದ್ರೀ?" ಎಂದರು. ಹೇಳಿದೆ. ಒಳಗೆ ಬಿಚ್ಚಿಸಿದ್ದನ್ನೂ ಹೇಳಿದೆ.

"ಪಾಪ. ನಮ್ಮ ದೇವ್ರನ್ನ ಮೈಮೇಲೆ ಕಟ್ಟಾಕೂ ಬರಂಗಿಲ್ಲ, ಬಿಚ್ಚಾಕೂ ಬರಂಗಿಲ್ಲ. ಅದೊಂದು ಆರಾಮ ನೋಡ್ರಿ," ಅಂದು ನಕ್ಕರು. ನಗುನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರಿಗೆ ನಗುವೂ ಅಳುವೂ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು.

ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡೆ. ಕಪ್ಪಗೆ, ನೇರಳೆಹಣ್ಣಿನಷ್ಟು. ನೀರು ಬಿಟ್ಟೆ, ವಿಭೂತಿ ಇಟ್ಟೆ, ಹೂವು ಏರಿಸಿದೆ. ದೇವರು ಕಂಡನೇ ಎಂದು ಕೇಳಬೇಡಿ. ಟ್ಯೂಬ್‌ಲೈಟಿನ ಬೆಳಕು ಅದರ ನೆತ್ತಿಯ ಮೇಲೆ ಚುಕ್ಕಿಯಾಗಿ ಬಿದ್ದಿತ್ತು. ಅದು ಕಂಡಿತು.

ಜಗಳೂರಿನಿಂದ ಅತ್ತೆ ಫೋನ್ ಮಾಡಿದರು. ಸೊಕ್ಕೆ ಕಡೆಯವರು, ಅವರ ಮನೆತನದ ಪದ್ಧತಿ ಬೇರೆ. "ಬಾಯಿಗೆ ಗಂಗೆ ನೀರು ಬಿಟ್ಯೇನಮ್ಮ? ಇಲ್ಲಾಂದ್ರೆ ಜೀವ ಬಾಯಾರ್ಕೊಂಡು ಅಲೀತೈತೆ," ಅಂದರು. "ಶಿವನನ್ನೇ ಒಳಗೆ ಬಿಡವಲ್ರು ಅತ್ತೆ, ಇನ್ನು ಗಂಗೆಯನ್ನ ಬಿಡ್ತಾರಾ?" ಎಂದುಬಿಟ್ಟೆ. ಒಳ್ಳೆಯ ಹೆಂಗಸು, ಬೇಜಾರು ಮಾಡಿಕೊಳ್ಳಲಿಲ್ಲ. ಊಟ ಮಾಡು ಅಂದರು.

ಹೀಗೆಯೇ ದಿನಗಳು ಹೋದವು. ಬ್ಯಾಗಿನಲ್ಲಿಟ್ಟರೆ ಯಾರಾದರೂ ಎತ್ತಿಕೊಂಡಾರೆಂದು ಕರಡಿಗೆಯನ್ನು ನಾನೇ ಕೊರಳಿಗೆ ಹಾಕಿಕೊಂಡು ಕುರ್ಚಿಯಲ್ಲೇ ಮಲಗುತ್ತಿದ್ದೆ. ಒಂದು ಬೆಳಿಗ್ಗೆ ಪೂಜೆಗೆ ಕೂತು ಆಗತಾನೇ ಹೂವು ಏರಿಸಿದ್ದೆ. ಮೇಲಿನಿಂದ ಅಪ್ಪನ ಹೆಸರು ಕೂಗಿ, "ಕಡೆಯವರು ಯಾರ್ರೀ, ಬೇಗ ಬರ್ರಿ" ಎಂದರು. ನಾನು ಏಳಲಿಲ್ಲ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಓಡುವುದು ಹೇಗೆ? ನಿಧಾನಕ್ಕೆ ಹೂವು ಇಳಿಸಿ, ಒರೆಸಿ, ಕರಡಿಗೆ ಮುಚ್ಚಿ ಮೆಟ್ಟಿಲು ಹತ್ತಿದೆ. ಚನ್ನಗಿರಿಯ ಆಕೆ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದರೆ ಸಾಕಿತ್ತು.

ಆಂಬುಲೆನ್ಸಿನಲ್ಲಿ ಹೊನ್ನಾಳಿಗೆ ಬರುವವರೆಗೂ ಡ್ರೈವರಿಗೆ ಎಡಕ್ಕೆ, ಬಲಕ್ಕೆ ಅಂತ ದಾರಿ ಹೇಳಿದೆ. ಒಂದು ಹನಿ ಕಣ್ಣೀರಿಲ್ಲ. ಮನೆಯಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದರು, ನಮ್ಮಲ್ಲಿ ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದರು. ಸಾಸ್ವೆಹಳ್ಳಿಯ ಹೊಲದಲ್ಲಿ ಸಮಾಧಿ ತೋಡುತ್ತಿದ್ದರು. ನ್ಯಾಮತಿಯಿಂದ ಬಂದ ಅಯ್ಯನೋರು ಲಿಂಗ ಕೇಳಿದರು. ಕೊರಳಿನಿಂದ ತೆಗೆದುಕೊಟ್ಟೆ. ಅವರು ಅದನ್ನು ಅಪ್ಪನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿ ದಾರ ಸುತ್ತಿದರು.

ಅವ್ವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. "ಅಯ್ನೋರೇ, ಈಗ ಕಟ್ಟಿ ಏನ್ರೀ ಬಂತು? ಹೋಗೋವಾಗ ಮೈಮೇಲೆ ಇರ್ಲಿಲ್ಲ. ಇವ್ರು ಐಕ್ಯ ಆದ್ರೋ ಇಲ್ವೋ, ಅದನ್ನ ಹೇಳ್ರಿ."

ಅಯ್ಯನೋರು ಅಂಗ, ಲಿಂಗ, ಬಯಲು ಎಂದೆಲ್ಲ ಹೇಳಿದರು. ಒಳ್ಳೆಯ ಮಾತುಗಳೇ. ಅವ್ವ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು.

"ಅವ್ರು ಹೋದ ಹೊತ್ನಾಗೆ ಅದು ಎಲ್ಲಿತ್ತೇ? ಬ್ಯಾಗಿನಾಗಿತ್ತಾ?"

"ಇಲ್ಲ ಅವ್ವ. ನನ್ನ ಕೈಯಾಗಿತ್ತು. ಪೂಜೆಗೆ ಕೂತಿದ್ದೆ."

"ನೋಡ್ತಿದ್ಯಾ?"

"ನೋಡ್ತಿದ್ದೆ."

ಅವ್ವ ನನ್ನ ಎಡಗೈ ಎಳೆದುಕೊಂಡು, ಅಂಗೈ ಬಿಡಿಸಿ ನೋಡಿದಳು. "ಹಂಗಾರೆ ನಿಮ್ಮಪ್ಪ ಇಲ್ಲೇ ಹೋದ್ರು ಬಿಡು," ಅಂದಳು. ಲಿಂಗವನ್ನು ಒತ್ತಿಕೊಳ್ಳುವ ಹಾಗೆ ನನ್ನ ಬರೀ ಅಂಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಹಾಗೇ ಹಿಡಿದುಕೊಂಡಳು. ಅಂಗೈ ಬಿಸಿಯಾಗಿ ಒದ್ದೆಯಾಯಿತು. ಆಸ್ಪತ್ರೆಗೆ ಕಾಲಿಟ್ಟಾಗಿನಿಂದ ನನ್ನ ಮೈಗೆ ತಿಳಿದದ್ದು ಅದೊಂದೇ.