ಮ್ಯಾಲಕಿ ಮೇಷ್ಟರು ಕಾಲ ನಿಲ್ಲಿಸಿದ ಭಾನುವಾರ

ಐವತ್ತರ ದಶಕದ ಕೊನೆಯಲ್ಲಿ, ಟೈರೋನ್ ಸೀಮೆಯ ಒಂದು ಪುಟ್ಟ ಪಟ್ಟಣದ ಔಷಧದಂಗಡಿಯಲ್ಲಿ ನೂಲಾ ಗಾರ್ಮ್ಲಿ ಔಷಧ ಬೆರೆಸುತ್ತಿದ್ದಳು. ತಕ್ಕಡಿಯ ಮುಳ್ಳು ಅಲ್ಲಾಡುತ್ತಿರುವಾಗ ತೂಕ ಬರೆಯಬಾರದು, ಅದು ನಿಲ್ಲುವ ತನಕ ಕಾಯಬೇಕು ಎಂಬುದು ಅವಳು ಕಲಿತ ಮೊದಲ ಪಾಠ. ಅದೇ ಪಾಠವನ್ನು ಮ್ಯಾಲಕಿ ಡೆವೆನಿಯ ವಿಷಯದಲ್ಲೂ ಪಾಲಿಸಿದ್ದು ಅವಳ ತಪ್ಪು. ಆ ಮನುಷ್ಯನ ಮುಳ್ಳು ನಿಲ್ಲುವ ಜಾತಿಯದಲ್ಲ.

ಮ್ಯಾಲಕಿ ಹುಡುಗರ ಶಾಲೆಯಲ್ಲಿ ಸಾಹಿತ್ಯದ ಮೇಷ್ಟರು. ಅವನ ಕೈಗೆ ಸಿಕ್ಕ ಪದ್ಯ ಪುಕ್ಕ ತರಿದ ಕೋಳಿಯಂತೆ ಮೇಜಿನ ಮೇಲೆ ಬೀಳುತ್ತಿತ್ತು. ನೂಲಾಳ ಕೂದಲು ಪೂರ್ತಿ ಕಪ್ಪಿದ್ದ ಕಾಲದಿಂದ ಅವನು ಅವಳನ್ನು ಭಾನುವಾರ ಮನೆಗೆ ಕರೆಯುತ್ತಿದ್ದ. ಈಗ ಕಿವಿಯ ಮೇಲೆ ನರೆ ಬಂದಿದ್ದರೂ ಊರಿನವರು ಅವಳನ್ನು 'ಮ್ಯಾಲಕಿಯ ಹುಡುಗಿ' ಎನ್ನುವುದು ಬಿಟ್ಟಿರಲಿಲ್ಲ. ಮದುವೆಯ ಮಾತು ಹತ್ತಿರ ಬಂದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ ಪದ್ಯ.

ಅದರಲ್ಲೂ ಒಂದು ಪದ್ಯ. ಪ್ರಾಸವಿಲ್ಲದ ಹೊಸ ಬಗೆಯದು. ಕೆರೆಯ ನಡುವೆ ದೋಣಿ, ದೋಣಿಯಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು. ಅವನು ಹುಟ್ಟು ಮೇಲೆತ್ತಿದ್ದಾನೆ, ಅದರ ತುದಿಯ ಹನಿ ಕೆಳಗೆ ಬೀಳುತ್ತಿಲ್ಲ, ದಡದ ಮನೆಯಲ್ಲಿ ಗಡಿಯಾರ ನಿಂತಿದೆ.

"ಪೂರ್ಣವಿರಾಮವೇ ಇಲ್ಲ ನೋಡು ನೂಲಾ, ಬರೀ ಅಲ್ಪವಿರಾಮ! ಕಾಲ ಹೆಜ್ಜೆ ಇಡೋಕೆ ಜಾಗಾನೇ ಕೊಟ್ಟಿಲ್ಲ ಕವಿ!"

ಹಗಲೆಲ್ಲ ಸೀಸೆಗೆ ಹನಿ ಬಿಡುವ ನೂಲಾ ಒಮ್ಮೆ ಅಂದಿದ್ದಳು: "ಹನಿ ಬೀಳ್ತಿಲ್ಲ ಅಂದ್ರೆ ಎಲ್ಲೋ ಕಟ್ಕೊಂಡಿದೆ ಅಂತ ಅರ್ಥ." ಅದಕ್ಕೆ ಅವನು ಎರಡು ಭಾನುವಾರ ಮುನಿಸಿಕೊಂಡಿದ್ದ.

ಆ ವಸಂತದಲ್ಲಿ ದೂರದ ಡೆರಿ ನಗರದ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಸೋಮವಾರ ಉತ್ತರ ಕೊಡಬೇಕಿತ್ತು. ಅವಳು ಮ್ಯಾಲಕಿಗೆ ನೇರವಾಗಿ ಹೇಳಿದಳು. ಅವನು ಬಿಳಿಚಿಕೊಂಡು, "ಭಾನುವಾರ ಚಹಾಕ್ಕೆ ಬಾ. ಒಂದು ಮುಖ್ಯವಾದ ಮಾತಿದೆ" ಎಂದ. ಅವನು ಮದುವೆಯಾಗ್ತೀಯಾ ಎಂದು ಕೇಳಿದರೆ ಇಲ್ಲೇ ಉಳಿಯುವುದು, ಕೇಳದಿದ್ದರೆ ಹೊರಡುವುದು ಎಂದು ನೂಲಾ ನಿಶ್ಚಯಿಸಿದಳು. ಹಾಗೆ ನಿಶ್ಚಯಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಆದರೂ ಇದ್ದುದರಲ್ಲಿ ಒಳ್ಳೆಯ ಕಪ್ಪು ಉಡುಪು ಹಾಕಿಕೊಂಡು ಹೋದಳು.

ಮ್ಯಾಲಕಿಯ ತಾಯಿ ಮಿನ್ನಿ ಒಲೆಯ ಪಕ್ಕದ ಕುರ್ಚಿಯಲ್ಲಿ, ಗಲ್ಲದ ತನಕ ಕಂಬಳಿ ಹೊದ್ದು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬೆರಳುಗಳಲ್ಲಿ ಜಪಮಾಲೆ. ಮ್ಯಾಲಕಿ ಪರದೆ ಎಳೆದ, ಎರಡು ಮೇಣದ ಬತ್ತಿ ಹಚ್ಚಿದ, ಆಮೇಲೆ ಗೋಡೆ ಗಡಿಯಾರದ ಬಾಗಿಲು ತೆರೆದು ಲೋಲಕ ಹಿಡಿದು ನಿಲ್ಲಿಸಿದ.

"ಏನ್ ಮಾಡ್ತಿದ್ದೀಯಾ?"

"ಕಾಲಾನ ನಿಲ್ಲಿಸ್ದೆ," ಎಂದ, ಶಾಲೆಯ ಬಹುಮಾನ ಗೆದ್ದವನ ಮುಖದಲ್ಲಿ.

ಈಗ ಕೇಳುತ್ತಾನೆ ಎಂದು ನೂಲಾ ಕೈ ಮಡಚಿ ಕುಳಿತಳು. ಅವನು ಎದ್ದು ನಿಂತು ಪುಸ್ತಕ ತೆರೆದು ಪದ್ಯ ಓದಿದ. ಮುಗಿದ ಮೇಲೆ ಮೊದಲ ಸಾಲಿಗೆ ಮರಳಿ ವಿವರಣೆ ಶುರುಮಾಡಿದ.

ಆ ಹೊತ್ತಿಗೆ ಪಕ್ಕದ ಮನೆಯ ಕ್ಯಾಸಿ ಮೆಲನ್, ಬಟ್ಟಲು ಹಿಂದಿರುಗಿಸಲು ಹಿತ್ತಿಲ ಬಾಗಿಲಿಂದ ಒಳಬಂದಳು. ನಿಂತ ಗಡಿಯಾರ ಕಂಡಳು, ಮೇಣದ ಬತ್ತಿ ಕಂಡಳು, ಕಪ್ಪು ಉಡುಪು, ತೆರೆದ ಬಾಯಿ, ಓದುತ್ತಿರುವ ಮಗ. ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡು ನೇರ ಹೋಗಿ, ಜೀವ ಹೊರಗೆ ಹೋಗಲೆಂದು ಕಿಟಕಿ ತೆರೆದಳು.

"ಅಯ್ಯೋ ಮಿನ್ನಿ, ಹೋಗೇಬಿಟ್ಯೇನೇ! ನೀನ್ ಓದಪ್ಪಾ, ಪ್ರಾರ್ಥನೆ ನಡುವೆ ನಿಲ್ಲಿಸ್ಬಾರ್ದು. ಬೀದಿಗೆಲ್ಲ ನಾನ್ ಹೇಳ್ತೀನಿ." ಅಂದವಳೇ ಮಾಯ.

"ಮ್ಯಾಲಕಿ, ಓಡು! ತಡಿ ಅವಳನ್ನ!"

"ಒಂದ್ನಿಮಿಷ. ಈ ಅಲ್ಪವಿರಾಮದ ಮಾತು ಮುಗಿಸ್ಬಿಡ್ತೀನಿ."

ಹೆಣವಿರುವ ಮನೆಯಲ್ಲಿ ಬಿಟ್ಟರೆ ಆ ಸೀಮೆಯಲ್ಲಿ ಯಾರೂ ಗಡಿಯಾರ ನಿಲ್ಲಿಸುವುದಿಲ್ಲ. ಅಪ್ಪ ಸತ್ತಾಗ ಇದೇ ಗಡಿಯಾರವನ್ನು ನಿಲ್ಲಿಸಿದವನು ಮ್ಯಾಲಕಿಯೇ. ಅಷ್ಟೊಂದು ಓದಿದ ಮೇಲೆ ಅದು ನೆನಪಿರುವುದು ಕಷ್ಟ.

ಅಲ್ಪವಿರಾಮ ಮುಗಿಯುವುದರೊಳಗೆ ಬೀದಿ ಒಳಗೆ ಬಂತು. ಹಂದಿಮಾಂಸದ ಸ್ಯಾಂಡ್‌ವಿಚ್ ಬಂತು, ಹಣ್ಣಿನ ಕೇಕ್ ಬಂತು, ಮುದುಕ ಪ್ಯಾಕಿ ತಲೆಯ ಮೇಲೆ ಎರಡು ಕುರ್ಚಿ ಹೊತ್ತು ತಂದ. "ಒಳ್ಳೇ ಹೆಂಗಸು, ಪಾಪ. ನಾಲಿಗೆ ಒಂದು ಬಿಟ್ರೆ," ಎಂದು ಯಾರೋ ನಿಟ್ಟುಸಿರಿಟ್ಟರು.

ಮಿನ್ನಿ ಕಣ್ಣು ತೆರೆದಳು. "ಯಾರ್ ಸತ್ರು?"

ಕ್ಯಾಸಿ ಕಿರುಚಿದಳು. "ನೀನೇ ಕಣೇ!"

"ನಾನಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ. ಆ ಸ್ಯಾಂಡ್‌ವಿಚ್ ಇತ್ಲಾಗ್ ಕೊಡು."

ನಗು ತಣ್ಣಗಾದ ಮೇಲೆ ಕ್ಯಾಸಿ ಸೊಂಟಕ್ಕೆ ಕೈಯಿಟ್ಟಳು. "ಹಾಗಾದ್ರೆ ಗಡಿಯಾರ ಯಾಕೋ ನಿಲ್ಸಿದ್ದು, ಮೇಷ್ಟ್ರೇ?"

ಎಲ್ಲರೂ ಮ್ಯಾಲಕಿಯನ್ನು ನೋಡಿದರು. ಮ್ಯಾಲಕಿ ನೂಲಾಳನ್ನು ನೋಡಿದ. ಇಡೀ ಬೀದಿಯೇ ಸಾಕ್ಷಿಗೆ ನಿಂತಿತ್ತು, ಕೇಕ್ ಕೂಡ ಸಿದ್ಧವಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಗಂಡಸಿಗೂ ಸಿಗದು.

ಮ್ಯಾಲಕಿ ಕೆಮ್ಮಿದ. "ಅದೊಂದು ಪ್ರತಿಮೆ," ಎಂದ. "ಆಧುನಿಕ ಕಾವ್ಯದಲ್ಲಿ ಗಡಿಯಾರ ಅಂದ್ರೆ..." ಎಂದು ಹೇಳಿಕೊಡತೊಡಗಿದ. ಪ್ಯಾಕಿ ಕುರ್ಚಿಗಳನ್ನು ಮತ್ತೆ ತಲೆಗೇರಿಸಿದ.

ನೂಲಾ ಎದ್ದು ಕೋಟು ಹಾಕಿಕೊಂಡಳು.

"ನೂಲಾ, ಕೊನೇ ಸಾಲಿಗೆ ಇನ್ನೂ ಬಂದಿಲ್ಲ!"

"ನೀನು ಬರಲ್ಲ, ಮ್ಯಾಲಕಿ. ನಾಳೆ ಡೆರಿಗೆ ಹೂಂ ಅಂತ ಹೇಳ್ತೀನಿ."

"ಸ್ವಲ್ಪ ಕಾಲ ಕೊಡು..."

"ಹೋಗ್ಲಿ ಬಿಡೋ ಹುಡ್ಗೀನ," ಎಂದಳು ಮಿನ್ನಿ, ಬಾಯಿ ತುಂಬ ಮಾಂಸ. "ನಾನ್ ಸತ್ರೂ ನೀನ್ ಕೇಳ್ತಿರ್ಲಿಲ್ಲ."

ಬೀದಿಯಲ್ಲಿ ಕ್ಯಾಸಿ ಹಿಂದೆ ಓಡಿ ಬಂದು ಅರ್ಧ ಕೇಕನ್ನು ಅವಳ ಕೈಗೆ ತುರುಕಿದಳು. "ತಗೋ ತಾಯಿ. ದುಃಖದ ಮನೆಗೆ ಅಂತ ತಂದಿದ್ದು, ವಾಪಸ್ ಒಯ್ಯಬಾರ್ದು."

ಮೂಲೆ ತಿರುಗಿದ ಮೇಲೆ ನೂಲಾ ಕಣ್ಣು ಒರೆಸಿಕೊಂಡಳು. ಆಮೇಲೆ ಕೇಕ್ ಮುರಿದು ತಿಂದಳು. ಹಸಿವಾಗಿತ್ತು. ಚಹಾಕ್ಕೆಂದು ಕರೆದ ಮಹಾಶಯ ಚಹಾ ಕೊಟ್ಟಿರಲಿಲ್ಲ.