ಆಚೆ ದಂಡೆಯ ‘ಆರಾಮ’

ನಿನ್ನೆ ಮಗಳು ಫೋನಿನಲ್ಲಿ “ಆರಾಮ ಅದೀನಿ ಬಿಡವ್ವಾ” ಎಂದಳು. ಆ ಮಾತು ಕೇಳಿದರೆ ಇಂದಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ಸವದತ್ತಿ ಕಡೆ ಅಣೆಕಟ್ಟಿನ ಹಿನ್ನೀರು ತುಂಬಿದಾಗ ನಮ್ಮೂರಿನಾಚೆಯ ಹಳ್ಳ ಮುಳುಗಿತು. ಅವ್ವನ ತಂಗಿ, ನನ್ನ ಚಿಗವ್ವ ಇದ್ದ ಊರು ನಡುಗಡ್ಡೆಯಾಯಿತು. ಹೋಗಿಬರಲು ಇದ್ದದ್ದು ಒಂದು ತೆಪ್ಪ. ಅದೊಮ್ಮೆ ಮಗುಚಿ ಇಬ್ಬರು ಮುಳುಗಿದ ಮೇಲೆ ಅಪ್ಪ ನಮ್ಮನ್ನು ಹತ್ತಗೊಡಲಿಲ್ಲ. ಅವ್ವ ಬಟ್ಟೆ ಒಗೆಯುತ್ತ ಈಚೆ ದಂಡೆಯಿಂದಲೇ ಕೂಗುತ್ತಿದ್ದಳು: “ಆರಾಮ ಅದೀಯೇನವಾ?” ಆಚೆಯಿಂದ ಕೆಂಪು ಸೀರೆಯ ಚಿಗವ್ವ ಕೈ ಬೀಸುತ್ತಿದ್ದಳು: “ಆರಾಮ ಅದೀನೆಕ್ಕಾ!” ಅಷ್ಟಕ್ಕೇ ಅವ್ವ ಹಗುರಾಗಿ ಮನೆಗೆ ಬರುತ್ತಿದ್ದಳು.

ನಾಲ್ಕು ವರ್ಷಕ್ಕೆ ಸೇತುವೆಯಾಯಿತು. ಬಸ್ಸು ಬಿಟ್ಟ ಮೊದಲ ದಿನವೇ ಅವ್ವ ನನ್ನನ್ನು ಕರೆದುಕೊಂಡು ಹೊರಟಳು. ಪಕ್ಕದ ಮುದುಕ ಹಚ್ಚಿದ ಬೀಡಿ ಮುಗಿಯುವುದರೊಳಗೆ ಆಚೆ ದಂಡೆ ಬಂದೇಬಿಟ್ಟಿತು. ಇಷ್ಟೇ ದೂರವೇ!

ಚಿಗವ್ವ ಅವ್ವನನ್ನು ತಬ್ಬಿ ಅತ್ತಳು. ಅವ್ವ ಚೀಲದಿಂದ ಹೊಸ ಕುಪ್ಪಸದ ಖಣ ತೆಗೆದು ಅವಳ ಕೈಗಿಟ್ಟಳು. “ಬಣ್ಣ ಚಲೋ ಐತೇನ?”

ಚಿಗವ್ವ ಖಣದ ಅಂಚನ್ನು ಬೆರಳಿನಿಂದ ಸವರಿದಳು. “ಯಾವ ಬಣ್ಣ ಐತೆಕ್ಕಾ?”

ಅವ್ವ ಅವಳ ಮುಖ ಹಿಡಿದು ತನ್ನ ಕಡೆ ತಿರುಗಿಸಿದಳು. “ಕಣ್ಣು ಯಾವಾಗ ಹೋದುವ? ನನಗ ಕೈ ಬೀಸತಿದ್ದಿಯಲ್ಲ!”

“ಎರಡು ವರ್ಷಾತು. ನಿನ್ನ ದನಿ ಬಂದ ಕಡೆ ಬೀಸತಿದ್ದೆ.”

“ಒಂದು ಮಾತು ಹೇಳಬಾರದಾಗಿತ್ತೇನ?”

“ಹೇಳಿದ್ರ ನೀ ತೆಪ್ಪ ಹತ್ತಿ ಬರತಿದ್ದಿ.”

ನಿನ್ನೆ ಫೋನು ಇಟ್ಟವಳೇ ಚೀಲ ತುಂಬಿಕೊಂಡೆ. ಇದನ್ನು ಬರೆಯುತ್ತಿರುವುದು ಮಗಳ ಊರಿನ ಬಸ್ಸಿನಲ್ಲಿ ಕುಳಿತು.