ಲೋ ಗೇರ್ ಇಲ್ಲದ ಜೀಪು

ನನ್ನ ಜೀಪಿನ ಫೋಟೊಗೆ ಲೈಕ್ ಒತ್ತಿದವರಲ್ಲಿ ನೀವೂ ಇರಬಹುದು. ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಆ ಜೀಪು ಈಗ ಕೆರಾಡಿಯಲ್ಲಿ, ನನ್ನ ಅಕ್ಕನ ಮನೆಯ ಹತ್ತಿರದ ಏರಿನ ಬುಡದಲ್ಲಿ, ಹಿಂದಿನ ಎರಡೂ ಚಕ್ರ ಕೆಸರಲ್ಲಿ ಹೂತು ನಿಂತಿದೆ. ಎಳೆಸುವ ಮನಸ್ಸಿಲ್ಲ.

ಕಳೆದ ಬೇಸಿಗೆಯಲ್ಲಿ ಅದನ್ನು ತಲ್ಲೂರಿನ ಗ್ಯಾರೇಜಿಗೆ ಒಯ್ದಿದ್ದೆ. ಹಳೆಯ ಫೋರ್ ವೀಲ್ ಡ್ರೈವ್. ಇಂಜಿನ್ ಸುಸ್ತಾಗಿತ್ತು. ಹೈವೇಯಲ್ಲಿ ಆಟೋದವರೂ ಹಾರ್ನ್ ಹೊಡೆದು ಓವರ್‌ಟೇಕ್ ಮಾಡುತ್ತಿದ್ದರು. (ಅವಮಾನ ಎಂದರೆ ಅದೇ ಅಂದುಕೊಂಡಿದ್ದೆ ಆಗ.)

ಮೆಕ್ಯಾನಿಕ್ ರಾಘಣ್ಣ ಎರಡು ದಾರಿ ಹೇಳಿದರು. ಹಳೆಯ ಇಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡುವುದು ಒಂದು. ಆಕ್ಸಿಡೆಂಟ್ ಆದ ಪಿಕಪ್ಪಿನ ಟರ್ಬೊ ಡೀಸೆಲ್ ಇಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಕೂರಿಸುವುದು ಇನ್ನೊಂದು. ಶಕ್ತಿ ಎರಡು ಪಟ್ಟು. ಆದರೆ ಆ ಗೇರ್‌ಬಾಕ್ಸಿಗೆ ನನ್ನ ಜೀಪಿನ ಟ್ರಾನ್ಸ್‌ಫರ್ ಕೇಸ್ ಕೂರುವುದಿಲ್ಲ. ಹೊಂದಿಸುವ ಪ್ಲೇಟನ್ನು ಲೇತಿನಲ್ಲಿ ಮಾಡಿಸಬೇಕು, ಎರಡು ತಿಂಗಳು ಕಾಯಬೇಕು.

ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನ ಹಿಂದಿರುವ ಕಬ್ಬಿಣದ ಪೆಟ್ಟಿಗೆ. ಇಂಜಿನ್ನಿನ ಬಲವನ್ನು ನಾಲ್ಕೂ ಚಕ್ರಕ್ಕೆ ಹಂಚುವುದು ಅದೇ. ಲೋ ಗೇರಿಗೆ ಹಾಕಿದರೆ ನಡೆದು ಹೋಗುವವನಷ್ಟು ನಿಧಾನ, ಆದರೆ ಗಾಡಿ ಹತ್ತುತ್ತದೆ.

'ಅದನ್ನ ತೆಗ್ದ್ ಬಿಡಿ' ಎಂದೆ.

'ಹ್ವಾಯ್, ಇಂಜಿನ್ ಇಪ್ಪುದ್ ಓಡುಕೆ. ಗುಡ್ಡಿ ಹತ್ತುಕೆ ಈ ಪೆಟ್ಟಿಯೇ ಬೇಕ್. ಎರ್ಡ್ ತಿಂಗ್ಳ್ ಕಾಯಿನಿ' ಎಂದರು ರಾಘಣ್ಣ.

'ನಾನೆಂತ ದಿನಾ ಗುಡ್ಡಿ ಹತ್ತುಕಿತ್ತಾ?'

ಅವರು ಸ್ಪ್ಯಾನರ್ ಕೈಗೆತ್ತಿಕೊಂಡರು. ಹತ್ತು ದಿನಕ್ಕೆ ಜೀಪು ಸಿದ್ಧ. ಹೊಸ ಬಣ್ಣ, ಮುಂದೆ ಉದ್ದದ ಎಲ್‌ಇಡಿ ಲೈಟು, ಹಿಂದೆ '4x4' ಎಂಬ ಸ್ಟಿಕ್ಕರ್. (ಸ್ಟಿಕ್ಕರ್ ತೆಗೆಸಲು ನಾನು ಹೇಳಲಿಲ್ಲ.) ಬೈಂದೂರಿಗೂ ಬ್ರಹ್ಮಾವರಕ್ಕೂ ಕಾರಣವಿಲ್ಲದೆ ಓಡಿಸಿದೆ.

ಮಳೆ ಹಿಡಿದ ಮೇಲೆ ಅಕ್ಕನ ಮನೆಗೆ ಹೋದೆ, ಜೀಪು ತೋರಿಸಲು. ಮನೆ ಇರುವುದು ತಗ್ಗಿನಲ್ಲಿ. ಟಾರು ರಸ್ತೆಯಿಂದ ಒಂದು ಕಿಲೋಮೀಟರು ಮಣ್ಣಿನ ಇಳಿಜಾರು. ಇಳಿಯುವುದಕ್ಕೆ ಏನು ಕಷ್ಟ? ಇಳಿದೆ. ಆ ರಾತ್ರಿಯಿಡೀ ಮಳೆ ಸುರಿಯಿತು.

ಬೆಳಿಗ್ಗೆ ಹುಲ್ಲು ತರಲು ಹೋದ ಭಾವ ಕುಂಟುತ್ತಾ ಬಂದರು.

'ತಮ್ಮಾ, ಭಾವಂಗೆ ಹಾವ್ ಕಚ್ಚಿತ್!' ಅಕ್ಕ ಕೂಗಿಕೊಂಡಳು. ಕೊಳಕುಮಂಡಲ.

ಆಂಬುಲೆನ್ಸಿಗೆ ಫೋನ್ ಮಾಡಿದೆವು. ಟಾರು ರಸ್ತೆಯವರೆಗೆ ಬರುತ್ತೇವೆ, ಕೆಳಗೆ ಇಳಿಯುವುದಿಲ್ಲ ಎಂದರು. ಪಕ್ಕದ ಮನೆಯ ಸಂಜೀವಣ್ಣ ಆಗಲೇ ಕುರ್ಚಿ, ಹಗ್ಗ ಹಿಡಿದುಕೊಂಡು ಬಂದಿದ್ದರು. 'ಹೊತ್ಕಂಡ್ ಹೋಪ' ಎಂದರು.

ನಾನೇ ಬೇಡ ಎಂದೆ. ಜೀಪು ಇದೆಯಲ್ಲ!

ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಗರ್ಜಿಸಿತು. ಹಿಂದಿನ ಚಕ್ರಗಳು ಇದ್ದಲ್ಲೇ ತಿರುಗಿ ಕೆಸರು ಎರಚಿದವು. ಮುಂದಿನವು ಸುಮ್ಮನೆ ನಿಂತಿದ್ದವು. ಚಕ್ರದಡಿಗೆ ಕಲ್ಲು ಕೊಟ್ಟೆವು, ಅಡಿಕೆ ಸೋಗೆ ಹಾಸಿದೆವು, ನಾಲ್ಕು ಜನ ತಳ್ಳಿದರು. ಕ್ಲಚ್ ಸುಟ್ಟ ವಾಸನೆ. ಒತ್ತಿದಷ್ಟೂ ಹೂತುಕೊಂಡಿತು. ಭಾವನ ಕಾಲು ಕಣ್ಣೆದುರೇ ಊದುತ್ತಿತ್ತು.

'ಗಡಿಬಿಡಿ ಮಾಡ್ಬೇಡ ಮಾರಾಯ, ನಿಧಾನ ಹೋಪ' ಎಂದರು ಅವರು. ನನಗೆ ಸಮಾಧಾನ ಹೇಳುತ್ತಿದ್ದರು!

ಮುಕ್ಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ಸಂಜೀವಣ್ಣ ಬಾಗಿಲು ತೆಗೆದು, ನನ್ನನ್ನು ಕೇಳದೆ, ಭಾವನನ್ನು ಇಳಿಸಿ ಕುರ್ಚಿಗೆ ಕೂರಿಸಿದರು. ಅರ್ಧ ಗಂಟೆಯಲ್ಲಿ ಮೇಲೆ ಮುಟ್ಟಿಸಿದರು. ಆಂಬುಲೆನ್ಸ್ ಮುಕ್ಕಾಲು ಗಂಟೆಯಿಂದ ಕಾಯುತ್ತಿತ್ತು.

ಭಾವ ಬದುಕಿದರು. ಕಿಡ್ನಿ ಬದುಕಲಿಲ್ಲ. ಈಗ ವಾರಕ್ಕೆ ಎರಡು ಸಲ ಕುಂದಾಪುರಕ್ಕೆ ಡಯಾಲಿಸಿಸ್‌ಗೆ ಬರಬೇಕು. ತಡವಾದದ್ದರಿಂದಲೇ ಹೀಗಾಯಿತೆ ಎಂದು ಡಾಕ್ಟರನ್ನು ಕೇಳಲು ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಅಕ್ಕ ಎಂದಿನಂತೆ ನನಗೆ ಊಟ ಬಡಿಸಿದಳು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ. ನನ್ನ ಜೀಪು ಅಲ್ಲಿ ಇರದೇ ಹೋಗಿದ್ದರೆ ಭಾವ ಮುಕ್ಕಾಲು ಗಂಟೆ ಮೊದಲೇ ಆಂಬುಲೆನ್ಸಿನಲ್ಲಿರುತ್ತಿದ್ದರು. ಇದನ್ನು ಎಲ್ಲಿ ಇಟ್ಟುಕೊಳ್ಳಲಿ?

ರಾಘಣ್ಣನ ಹತ್ತಿರ ಹೋಗಿ ಆ ಪೆಟ್ಟಿಗೆ ವಾಪಸ್ ಹಾಕಿಕೊಡಿ ಎಂದೆ.

'ಅದ್ ಹೋಯ್ತಲೆ. ಆಫ್‌ರೋಡ್ ರೇಸಿನವ್ರ್ ತಕಂಡ್ ಹೋರ್' ಎಂದರು.

ಆ ರೇಸು ನಾನೂ ನೋಡಿದ್ದೇನೆ. ಒಣ ಮೈದಾನಕ್ಕೆ ಟ್ಯಾಂಕರಿನಲ್ಲಿ ನೀರು ತಂದು ಕೆಸರು ಮಾಡುತ್ತಾರೆ. ಅದರಲ್ಲಿ ಗಾಡಿ ಹತ್ತಿಸಿ ಕಪ್ ಕೊಡುತ್ತಾರೆ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಅವರಿಗೆ ಯಾವ ಪೆಟ್ಟಿಗೆ ಯಾಕೆ ಬೇಕೆಂದಾದರೂ ಗೊತ್ತಿದೆ. ನಾವು ಉಳಿದವರು? ನಮಗೆ ಬೇಕಾದದ್ದು ಓವರ್‌ಟೇಕ್. ಹತ್ತುವ ಶಕ್ತಿಯನ್ನು ಬಿಚ್ಚಿಸಿ ಓಡುವ ಶಕ್ತಿ ಹಾಕಿಸಿಕೊಳ್ಳುತ್ತೇವೆ, ಅದನ್ನೇ ಅಪ್‌ಗ್ರೇಡ್ ಎನ್ನುತ್ತೇವೆ.

ಈಗ ವಾರಕ್ಕೆ ಎರಡು ದಿನ ನಾಲ್ಕು ಜನ ಭಾವನನ್ನು ಅದೇ ಕುರ್ಚಿಯಲ್ಲಿ ಏರು ಹತ್ತಿಸುತ್ತೇವೆ, ಸಂಜೆ ಇಳಿಸುತ್ತೇವೆ. ಕುರ್ಚಿಯ ಒಂದು ಕಾಲು ನಾನು ಹಿಡಿಯುತ್ತೇನೆ. ಉಳಿದ ಮೂವರೂ ಗದ್ದೆ ಕೆಲಸದವರು.

ಸೋಮವಾರದಿಂದ ಊರಲ್ಲಿ ಭತ್ತದ ನೆಟ್ಟಿ ಶುರು. ಉಳಿದ ಮೂರು ಕಾಲು ಹಿಡಿಯಲು ಯಾರನ್ನು ಕರೆಯಲಿ?